ಧ್ವನಿಯ ಕಣ್ಣು

ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರು ಎತ್ತರದಿಂದ ಕಲ್ಲಿನ ಕಮರಿಗೆ ಧುಮುಕುತ್ತದೆ. ಇಂತಹ ಕಮರಿಯ ಅಂಚಿನಲ್ಲಿ ನಿಂತು ಕೂಗಿದರೆ, ಕೂಗು ಎದುರಿನ ಬಂಡೆಗೆ ತಾಗಿ ಹಿಂದಿರುಗುತ್ತದೆ. ಇದೇ ಪ್ರತಿಧ್ವನಿ. ಅದು ಹಿಂದಿರುಗಲು ಹಿಡಿದ ಕಾಲವನ್ನು ಅಳೆದರೆ ಬಂಡೆಯ ದೂರವನ್ನು ಲೆಕ್ಕಹಾಕಬಹುದು. ಈ ಸರಳ ತತ್ವವೇ ಇಂದು ಪ್ರಾಣಾಪಾಯದಲ್ಲಿರುವ ಮಗುವಿನ ಮೈಯಲ್ಲಿ ಕಣ್ಣಿಗೆ ಕಾಣದ ರಕ್ತನಾಳವನ್ನು ಹುಡುಕಿಕೊಡುತ್ತಿದೆ.

ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಗುವೊಂದಕ್ಕೆ ವಾಂತಿಭೇದಿಯಾಗಿದೆಯೆಂದು ಭಾವಿಸೋಣ. ಕುಡಿಯುವ ಶಕ್ತಿಯಿದ್ದರೆ ಓ.ಆರ್.ಎಸ್. ದ್ರಾವಣದಿಂದಲೇ ಅದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಪ್ರಜ್ಞೆ ಕುಂದಿದರೆ ದ್ರವವನ್ನು ನೇರವಾಗಿ ರಕ್ತಕ್ಕೇ ಸೇರಿಸಬೇಕು. ಹತ್ತು ಕಿಲೋಗ್ರಾಂ ತೂಕದ ಮಗುವಿನ ದೇಹದಲ್ಲಿರುವ ರಕ್ತ ಸುಮಾರು 800 ಮಿಲಿಲೀಟರು ಮಾತ್ರ. ಆದ್ದರಿಂದ ದೊಡ್ಡವರಿಗೆ ಅಲ್ಪವೆನಿಸುವ ನಷ್ಟವೂ ಮಗುವಿಗೆ ಮಾರಕವಾಗಬಲ್ಲದು. ಆಗ ದೇಹವು ಹೃದಯಕ್ಕೂ ಮಿದುಳಿಗೂ ರಕ್ತವನ್ನು ಉಳಿಸಿಕೊಡಲು ಕೈಕಾಲುಗಳ ನಾಳಗಳನ್ನು ಸಂಕುಚಿಸುತ್ತದೆ. ಔಷಧವು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಅದರ ದಾರಿ ಮುಚ್ಚಿಹೋಗುತ್ತದೆ! ಪದೇ ಪದೇ ಸೂಜಿ ಚುಚ್ಚುತ್ತ ಹೋದಂತೆ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ.

ಮನುಷ್ಯನ ಕಿವಿಗೆ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ ಧ್ವನಿಯು ಕೇಳಿಸದು. ಅದಕ್ಕೆ ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್ ಎಂದು ಹೆಸರು. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಅಂತಹ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸಿ ಧ್ವನಿಯನ್ನು ಹೊರಡಿಸುತ್ತದೆ. ಮರಳಿ ಬಂದ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. 1958ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಈ ವಿಧಾನದಿಂದ ಉದರದ ಒಳಗಿನ ಚಿತ್ರಗಳನ್ನು ಪಡೆದು ಪ್ರಕಟಿಸಿದರು.

ರಕ್ತನಾಳವನ್ನು ಹುಡುಕುವ ವೈದ್ಯರು ಮೊದಲು ಮಗುವಿನ ಚರ್ಮಕ್ಕೆ ಲೋಳೆಯಂತಹ ಜೆಲ್ ಸವರುತ್ತಾರೆ. ನಡುವೆ ಗಾಳಿಯಿದ್ದರೆ ಧ್ವನಿಯು ಒಳಹೋಗದೆ ಹಿಂದಿರುಗುವುದೇ ಇದಕ್ಕೆ ಕಾರಣ. ಬಳಿಕ ಹರಳುಗಳಿರುವ ಹಿಡಿಯನ್ನು ಮೃದುವಾಗಿ ಇಡುತ್ತಾರೆ. ಪರದೆಯ ಮೇಲೆ ರಕ್ತನಾಳಗಳು ಕಪ್ಪು ವೃತ್ತಗಳಾಗಿ ಮೂಡುತ್ತವೆ. ಇವುಗಳಲ್ಲಿ ಅಭಿಧಮನಿ ಯಾವುದು, ಅಪಧಮನಿ ಯಾವುದು? ಹಿಡಿಯನ್ನು ಮೆಲ್ಲನೆ ಒತ್ತಿದಾಗ ಅಭಿಧಮನಿಯು ಸುಲಭವಾಗಿ ಚಪ್ಪಟೆಯಾಗುತ್ತದೆ. ಅಪಧಮನಿಯು ಒತ್ತಡವನ್ನು ತಡೆದು ಮಿಡಿಯುತ್ತಿರುತ್ತದೆ. ಸೂಜಿಯ ಮೊನೆಯು ಬಿಳಿಯ ಚುಕ್ಕೆಯಂತೆ ಹೊಳೆಯುತ್ತದೆ. ಅದನ್ನು ಹಂತಹಂತವಾಗಿ ಹಿಂಬಾಲಿಸುತ್ತ ವೈದ್ಯರು ಅಭಿಧಮನಿಯನ್ನು ಮುಟ್ಟುತ್ತಾರೆ. ಕತ್ತಿನ ದೊಡ್ಡ ಅಭಿಧಮನಿಗೆ ನಳಿಕೆ ಹಾಕುವಾಗಲಂತೂ ಈ ನೋಟವು ಪಕ್ಕದ ಅಪಧಮನಿಗೆ ಗಾಯವಾಗುವ ಸಂಭವವನ್ನು ಕಡಿಮೆ ಮಾಡುತ್ತದೆ.

ಆದರೆ ಯಂತ್ರವಿದ್ದ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ಕಣ್ಣು ಪರದೆಯ ಮೇಲೂ ಕೈ ಸೂಜಿಯ ಮೇಲೂ ಏಕಕಾಲಕ್ಕೆ ನೆಲೆಗೊಳ್ಳಲು ದೀರ್ಘ ಅಭ್ಯಾಸ ಬೇಕು. ಮಗುವಿನ ಸ್ಥಿತಿ ತೀರ ವಿಷಮವಾಗಿದ್ದು ನಾಳವು ಬೇಗನೆ ದೊರೆಯದಿದ್ದರೆ, ಕಾಯುತ್ತ ಕೂರದೆ ಮೊಣಕಾಲಿನ ಕೆಳಗಿನ ಎಲುಬಿನ ಮಜ್ಜೆಗೆ ವಿಶೇಷ ಸೂಜಿಯಿಂದ ದ್ರವವನ್ನು ಕೊಡುವ ಮಾರ್ಗವೂ ಉಂಟು. ಯಾವ ಮಾರ್ಗವನ್ನು ಯಾವಾಗ ಹಿಡಿಯಬೇಕೆಂಬ ತಿಳಿವಳಿಕೆಯೇ ವೈದ್ಯರ ವಿವೇಕ.

ಇದೇ ಯಂತ್ರವನ್ನು ನಮ್ಮ ದೇಶದಲ್ಲಿ ಗರ್ಭದ ಶಿಶು ಹೆಣ್ಣೆಂದು ತಿಳಿದು ಅದನ್ನು ಅಳಿಸಲು ಬಳಸಿದವರೂ ಇದ್ದಾರೆ. ಅದನ್ನು ತಡೆಯಲೆಂದೇ 1994ರಲ್ಲಿ ಕಾಯಿದೆಯಾಯಿತು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯು ಅಪರಾಧವಾಯಿತು. ಒಂದೇ ಧ್ವನಿ, ಒಂದು ಕೈಯಲ್ಲಿ ಅದು ಕೊಲ್ಲಲು ನೆರವಾಗುತ್ತದೆ, ಇನ್ನೊಂದು ಕೈಯಲ್ಲಿ ಬದುಕಿಸುತ್ತದೆ. ದೂರದ ಬೆಳಗಾವಿಯ ದೊಡ್ಡ ಆಸ್ಪತ್ರೆಯನ್ನು ತಲುಪುವವರೆಗೆ ತಾಲ್ಲೂಕಿನ ಮಗುವಿನ ಉಸಿರು ನಿಲ್ಲಬೇಕಾದರೆ, ಅಂತಹ ಬದುಕಿಸುವ ಕೈಗಳು ಊರಿನ ಸಮೀಪದಲ್ಲಿಯೇ ಸಿದ್ಧವಾಗಬೇಕು. ಇಂದು ವಿಜ್ಞಾನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರ ಕೈಗಳಾದರೂ ನಾಳೆ ಅವುಗಳೊಡನೆ ಸೇರಲಿ.