ವೆನಿಸ್‌ನಲ್ಲಿ ದಾರಿ ತಪ್ಪುವುದು ಯಾಕೆ?

ವೆನಿಸ್‌ಗೆ ಒಂದು ದಿನದ ಮಟ್ಟಿಗೆ ಹೋದವರು ದಾರಿ ತಪ್ಪಿದಾಗ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೇಡ. ಆ ಊರನ್ನು ಕಟ್ಟಿದ್ದು ಮುಖ್ಯವಾಗಿ ದೋಣಿಯಲ್ಲಿ ಬರುವವರಿಗೆ. ಗ್ರ್ಯಾಂಡ್ ಕೆನಾಲ್ ದಂಡೆಯ ಹಳೆಯ ಅರಮನೆಗಳನ್ನು ನೋಡಿ: ಕಮಾನು, ಕೆತ್ತನೆ, ದೊಡ್ಡ ಬಾಗಿಲು ಎಲ್ಲವೂ ನೀರಿನ ಕಡೆಗೆ. ನಾವು ನಡೆಯುವ ಎಷ್ಟೋ ಓಣಿಗಳು ಆ ಮನೆಗಳ ಹಿಂಬಾಗಿಲಿನ ದಾರಿ. ಅದಕ್ಕೇ ಕೆಲವು ಓಣಿಗಳು ಸೇತುವೆಯೇ ಇಲ್ಲದೆ ಸೀದಾ ಕಾಲುವೆಯ ಮೆಟ್ಟಿಲಿಗೆ ಹೋಗಿ ನಿಲ್ಲುತ್ತವೆ. ಮನೆ ನಂಬರೂ ಬೀದಿಗೆ ತಕ್ಕಂತಿಲ್ಲ. ಊರಿನ 6 ವಿಭಾಗಗಳಲ್ಲಿ ಒಂದೊಂದಕ್ಕೂ ಒಂದೇ ಸರಣಿ, ಕಾಸ್ತೆಲ್ಲೊ ವಿಭಾಗದಲ್ಲಿ ಅದು 6,000 ದಾಟುತ್ತದೆ. ಬೀದಿ ಹೆಸರಿಲ್ಲದ ಅಂಥ ವಿಳಾಸ ಹಿಡಿದು ಹೋಟೆಲ್ ಹುಡುಕುವವರು ಸುಸ್ತಾಗದೆ ಇನ್ನೇನು?

ಫೋನಿನಲ್ಲಿ ಮ್ಯಾಪ್ ಇದೆಯಲ್ಲ ಅಂತೀರಿ. ಇದೆ, ಆದರೆ ಎತ್ತರದ ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ, ನೀಲಿ ಚುಕ್ಕಿ ಪಕ್ಕದ ಓಣಿಗೆ ಹಾರುತ್ತದೆ. ಅದಕ್ಕಿಂತ ಗೋಡೆಯ ಮೇಲಿನ ಹಳದಿ ಫಲಕಗಳೇ ವಾಸಿ: ರಿಯಾಲ್ಟೊ, ಸಾನ್ ಮಾರ್ಕೊ, ರೈಲು ನಿಲ್ದಾಣ ಎಂದು ಬಾಣ ತೋರಿಸುತ್ತವೆ. (ಕೆಲವೊಮ್ಮೆ ಎಡಕ್ಕೂ ಬಲಕ್ಕೂ! ಎರಡೂ ತಲುಪಿಸುತ್ತವೆ, ನಂಬಿ.) ಹಾಗಂತ ಎಲ್ಲ ಫಜೀತಿಗೂ ಊರೇ ಕಾರಣವಲ್ಲ. ವಾಪೊರೆಟ್ಟೊ ಎಂಬ ನೀರಿನ ಬಸ್ಸಿಗೆ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತುವ ಮುನ್ನ ಜೆಟ್ಟಿಯ ಯಂತ್ರಕ್ಕೆ ತೋರಿಸಬೇಕು; ಮರೆತರೆ ದಂಡ. ಸಾನ್ ಮಾರ್ಕೊ ಚೌಕದಲ್ಲಿ ಪಾರಿವಾಳಕ್ಕೆ ಕಾಳು ಹಾಕಿದರೂ ದಂಡವೇ, 2008ರಿಂದ ನಿಷೇಧವಿದೆ. ಬೆಳಿಗ್ಗೆ ಬಂದು ಸಂಜೆ ಮರಳುವವರಿಗೆ 2024ರಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವೂ ಇದೆ. ನೀವು ಹೋಗುವ ದಿನ ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.