ನಡು ಅಲುಗುತ್ತಿರುವಾಗಲೇ ಇಳಿಸಿ

ಹಸು ಕರು ಹಾಕಿತೆಂದರೆ ಊರಿನ ಮನೆಯ ಅಡುಗೆಮನೆಗೆ ಬೇರೆಯೇ ಕಳೆ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದ ಹಾಲು ಮಂದವಾಗಿ, ಅರಿಸಿನದ ಛಾಯೆಯಲ್ಲಿ ಇರುತ್ತಿತ್ತು. ಅಜ್ಜಿ ಅದಕ್ಕೆ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ಡಬ್ಬಿಗೆ ಸುರಿದು ಹಬೆಗೆ ಇಡುತ್ತಿದ್ದರು. ಆಮೇಲೆ ಓಣಿಯ ನಾಲ್ಕಾರು ಮನೆಗೆ ಗಿಣ್ಣಿನ ತುಂಡುಗಳು ಹೋಗಲೇಬೇಕು.

ಅದೇ ಅಜ್ಜಿ ಒಮ್ಮೆ ಬೆಂಗಳೂರಿಗೆ ಬಂದಾಗ ನಾನು ಕ್ಯಾರಮೆಲ್ ಕಸ್ಟರ್ಡ್ ಮಾಡಿ ಮುಂದಿಟ್ಟೆ. ಎರಡು ಚಮಚ ತಿಂದವರು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇದು ಗಿಣ್ಣೇ ಅಲ್ವೇನೇ? ಈ ಮೂರನೇ ಮಹಡೀಲಿ ಹಸು ಎಲ್ಲಿ ಕರು ಹಾಕ್ತು?” ಎಂದರು. ಮೊಟ್ಟೆ ಹಾಕಿದ್ದು ಅಂದೆ. “ಹಂಗಾದ್ರೆ ಮೊಟ್ಟೆ ಗಿಣ್ಣು ಅನ್ನು” ಅಂದುಬಿಟ್ಟರು. ನಮ್ಮ ಮನೆಯಲ್ಲಿ ಇವತ್ತಿಗೂ ಅದಕ್ಕೆ ಅದೇ ಹೆಸರು.

ಅಜ್ಜಿಯ ನಾಲಗೆ ಹೇಳಿದ್ದು ಸರಿಯಾಗಿಯೇ ಇತ್ತು. ಮಾಮೂಲಿ ಹಾಲನ್ನು ಎಷ್ಟು ಹೊತ್ತು ಕಾಯಿಸಿದರೂ ಬತ್ತುತ್ತದೆಯೇ ಹೊರತು ಗಟ್ಟಿಯಾಗಿ ನಿಲ್ಲುವುದಿಲ್ಲ. ಗಿಣ್ಣಿನ ಹಾಲಿನಲ್ಲಿ ಕರುವಿಗೆ ರೋಗ ತಡೆಯುವ ಶಕ್ತಿ ಕೊಡುವ ಪ್ರೋಟೀನು ಹೇರಳ. ಬಿಸಿ ತಾಗಿದರೆ ಆ ಪ್ರೋಟೀನು ಹೆಪ್ಪುಗಟ್ಟುತ್ತದೆ. ಮೊಟ್ಟೆಯದೂ ಅದೇ ಗುಣ. ಉಂಡೆ ಸುತ್ತಿಕೊಂಡಿದ್ದ ಪ್ರೋಟೀನಿನ ಎಳೆಗಳು ಕಾವಿಗೆ ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಹಾಲು ಆ ಬಲೆಯ ಕಣ್ಣುಗಳಲ್ಲಿ ನಿಲ್ಲುತ್ತದೆ. ಹಾಲು, ಸಕ್ಕರೆ ಬೆರೆತ ಮೊಟ್ಟೆಯಲ್ಲಿ ಇದೆಲ್ಲ ನಡೆಯುವುದು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಕಾವು ಅಲ್ಲಿಂದ ಸ್ವಲ್ಪ ಮೇಲೇರಿದರೂ ಬಲೆ ಬಿಗಿಯುತ್ತಾ ಹೋಗಿ, ಹಿಡಿದಿದ್ದ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಕಸ್ಟರ್ಡ್ ಕೆಡುವುದು ಹೆಚ್ಚಾಗಿ ಹೀಗೆಯೇ.

ನನ್ನ ಮೊದಲ ಕಸ್ಟರ್ಡ್ ಕೆಟ್ಟದ್ದೂ ಹೀಗೆ. ಅನ್ನಕ್ಕೆ ಇಡುವಂತೆ ಕುಕ್ಕರಿನಲ್ಲಿಟ್ಟು ಮೂರು ಸೀಟಿ ಕೂಗಿಸಿದ್ದೆ. ತೆಗೆದು ನೋಡಿದರೆ ಮೈಯೆಲ್ಲ ತೂತು, ಸುತ್ತ ಹಳದಿ ನೀರು, ಬಾಯಿಗಿಟ್ಟರೆ ರಬ್ಬರು. ಕುಕ್ಕರಿನೊಳಗೆ ಒತ್ತಡ ತುಂಬಿದಾಗ ಕಾವು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬೇಳೆಗೆ ಅದು ಬೇಕು, ಮೊಟ್ಟೆಗೆ ಬೇಡ. ಕುಕ್ಕರೇ ಬೇಕೆಂದರೆ ವೆಯ್ಟ್ ತೆಗೆದಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ನನ್ನ ಮಟ್ಟಿಗೆ ಇಡ್ಲಿ ಪಾತ್ರೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಅವನ್ ಇಲ್ಲವೆಂದು ಕಸ್ಟರ್ಡ್ ಮಾಡದೆ ಕೂತವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಹಬೆಯಲ್ಲಿ ಬೇಯಿಸುವುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ಕಸ್ಟರ್ಡ್ ಎಂದರೆ ಹಳದಿ ಪುಡಿಯ ಡಬ್ಬಿಯೇ ನೆನಪಾಗುವವರು ಹೆಚ್ಚು. ಅದರಲ್ಲಿ ಮೊಟ್ಟೆಯೇ ಇಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಕಂಡುಹಿಡಿದದ್ದು ಹೆಂಡತಿಗಾಗಿ. ಎಲಿಜಬೆತ್‌ಗೆ ಕಸ್ಟರ್ಡ್ ಎಂದರೆ ಇಷ್ಟ, ಮೊಟ್ಟೆ ಮೈಗೆ ಒಗ್ಗುತ್ತಿರಲಿಲ್ಲ. ಮೊಟ್ಟೆಯ ಬದಲು ಮೆಕ್ಕೆಜೋಳದ ಪಿಷ್ಟದಿಂದ ಹಾಲನ್ನು ಮಂದ ಮಾಡಬಹುದೆಂದು ಅವನಿಗೆ ಹೊಳೆಯಿತು. ಯೀಸ್ಟ್ ಕೂಡ ಆಕೆಗೆ ಆಗುತ್ತಿರಲಿಲ್ಲವೆಂದು 1843ರಲ್ಲಿ ಬೇಕಿಂಗ್ ಪೌಡರನ್ನೂ ತಯಾರಿಸಿದ. ಒಬ್ಬ ಹೆಂಗಸಿನ ಪಥ್ಯಕ್ಕೆಂದು ಹುಟ್ಟಿದ ಪುಡಿ, ಮೊಟ್ಟೆ ಮುಟ್ಟದ ನಮ್ಮ ಎಷ್ಟೋ ಮನೆಗಳ ಹುಟ್ಟುಹಬ್ಬಕ್ಕೆ, ಮದುವೆಯೂಟದ ಫ್ರೂಟ್ ಸಲಾಡಿಗೆ ಒದಗಿಬಂತು.

ಪುಡಿಯ ಕಸ್ಟರ್ಡಿನ ನಡೆ ಮೊಟ್ಟೆಯದಕ್ಕೆ ಪೂರ್ತಿ ತಿರುಗುಮುರುಗು. ಅದು ಕುದಿಯಲೇಬೇಕು. ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಹಾಲಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಎರಡು ಮೂರು ನಿಮಿಷ ಕೈಯಾಡಿಸುತ್ತಲೇ ಇರಬೇಕು. ಹಣ್ಣನ್ನು ಅದು ಪೂರ್ತಿ ಆರಿದ ಮೇಲಷ್ಟೇ ಹಾಕಿ. ಹಸಿ ಅನಾನಸ್ ಮಾತ್ರ ಬೇಡ, ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಸಕ್ಕರೆಯೊಂದಿಗೆ ಬೇಯಿಸಿ ಹಾಕಿದರೆ ಆ ತೊಂದರೆ ಇಲ್ಲ.

ಇನ್ನು ಮೊಟ್ಟೆ ಗಿಣ್ಣು. ಅರ್ಧ ಲೀಟರ್ ನಂದಿನಿ ಹಾಲು, ನಾಲ್ಕು ಮೊಟ್ಟೆ, ಐದು ದೊಡ್ಡ ಚಮಚ ಸಕ್ಕರೆ. ಮೂರೇ ಮೊಟ್ಟೆಗೂ ನಿಲ್ಲುತ್ತದೆ, ಆದರೆ ಬಟ್ಟಲಿನಲ್ಲೇ ತಿನ್ನಬೇಕು. ಬೋರಲು ಹಾಕಲು ಹೋದರೆ ಕುಸಿದೀತು.

ಮೊದಲು ಪಾಕ. ಇನ್ನೂ ಐದು ಚಮಚ ಸಕ್ಕರೆಯನ್ನು ಚೂರು ನೀರಿನೊಂದಿಗೆ ಸ್ಟೀಲ್ ಡಬ್ಬಿಯಲ್ಲೇ ಹಾಕಿ ಒಲೆಯ ಮೇಲಿಡಿ. ಚಮಚ ಆಡಿಸಬೇಡಿ, ಆಡಿಸಿದರೆ ಮತ್ತೆ ಸಕ್ಕರೆ ಹರಳುಗಟ್ಟುತ್ತದೆ. ಇಕ್ಕಳದಲ್ಲಿ ಹಿಡಿದು ಡಬ್ಬಿಯನ್ನೇ ನಿಧಾನವಾಗಿ ತಿರುಗಿಸಿ. ಒಂದೆಳೆ, ಎರಡೆಳೆ ಪಾಕ ದಾಟಿ, ಗುಳ್ಳೆಗಳು ದೊಡ್ಡದಾಗಿ, ಅಂಚಿನಲ್ಲಿ ಜೇನಿನ ಬಣ್ಣ ಕಾಣಿಸಿಕೊಳ್ಳುತ್ತದೆ. ಇಲ್ಲಿಂದ ಮುಂದೆ ಕಣ್ಣು ತೆಗೆಯುವಂತಿಲ್ಲ. ಜೋನಿ ಬೆಲ್ಲದ ಬಣ್ಣ ಬಂದು, ಸಣ್ಣಗೆ ಹೊಗೆಯ ಸುಳಿವು ಹತ್ತಿತೋ, ತಕ್ಷಣ ಇಳಿಸಿ ತಳದ ತುಂಬ ಹರಡಿಕೊಳ್ಳುವಂತೆ ಓಲಾಡಿಸಿ. ಬಣ್ಣ ತಿಳಿಯಾಗಿದ್ದರೆ ಬರೀ ಸಿಹಿ. ಒಂದಿಷ್ಟು ಕಹಿಯ ಅಂಚು ಬಂದರೇ ಹಾಲಿನ ಸಿಹಿಗೆ ಎದುರು ನಿಲ್ಲುವ ರುಚಿ. ಸುಡುವ ಪಾಕದ ಕಾವು 170 ಡಿಗ್ರಿಯವರೆಗೂ ಹೋಗುವುದರಿಂದ ಆ ಹೊತ್ತಿಗೆ ಮಕ್ಕಳು ಒಲೆಯ ಹತ್ತಿರ ಇರಬಾರದು. ಡಬ್ಬಿ ಆರುತ್ತಿದ್ದಂತೆ ಪಾಕ ಗಾಜಾಗುತ್ತದೆ, ಕೆಲವೊಮ್ಮೆ ಚಟ್ ಎಂದು ಬಿರುಕೂ ಬಿಡುತ್ತದೆ. ಹೆದರಬೇಕಿಲ್ಲ.

ಮೊಟ್ಟೆಯನ್ನು ಸಕ್ಕರೆಯೊಂದಿಗೆ ಕಲಸಿದರೆ ಸಾಕು, ನೊರೆ ಬರುವಂತೆ ಕಡೆಯಬೇಡಿ. ಇವತ್ತಿನ ನೊರೆಯೇ ನಾಳೆಯ ತೂತು. ಹಾಲು ಬೆರಳು ತಾಳುವಷ್ಟು ಬಿಸಿಯಿರಲಿ. ಅದನ್ನು ಸಣ್ಣ ಧಾರೆಯಾಗಿ, ತಿರುವುತ್ತಾ, ಮೊಟ್ಟೆಗೆ ಸುರಿಯಿರಿ. ಆಮೇಲೆ ಸೋಸುವುದನ್ನು ಮರೆಯಬೇಡಿ. ಮೊಟ್ಟೆಯೊಳಗಿನ ಬಿಳಿ ದಾರದಂಥ ಎಳೆಗಳು ಜರಡಿಯಲ್ಲಿ ಉಳಿದರೆ ಬಾಯಿಗೆ ಏನೂ ಸಿಗುವುದಿಲ್ಲ. ಘಮಕ್ಕೆ ವೆನಿಲಾ ಹಾಕುವವರು ಹಾಕಲಿ. ನಾನು ಏಲಕ್ಕಿಗೆ ನಿಂತಿದ್ದೇನೆ, ಚಿಟಿಕೆ ಉಪ್ಪೂ ಬೀಳುತ್ತದೆ.

ಇಡ್ಲಿ ಪಾತ್ರೆಯ ನೀರು ಕುದಿದ ಮೇಲೆ ಉರಿ ಸಣ್ಣಗೆ ಮಾಡಿ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ, ಅದೂ ಕಸ್ಟರ್ಡಿಗೆ ಜಾಸ್ತಿಯೇ. ಆದ್ದರಿಂದ ಪಾತ್ರೆಯ ಮುಚ್ಚಳವನ್ನು ಒಂದು ಬೆರಳಗಲ ಓರೆ ಮಾಡಿ ಇಡುತ್ತೇನೆ. ಡಬ್ಬಿಗೆ ಬೇರೆ ತಟ್ಟೆ ಮುಚ್ಚಿ, ಪಾತ್ರೆಯ ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿದರೆ ಹಬೆಯ ಹನಿ ಮೇಲೆ ಬೀಳದು. 25 ನಿಮಿಷಕ್ಕೆ ಒಮ್ಮೆ ಇಣುಕಿ ನೋಡಿ. ಡಬ್ಬಿ ಆಳವಿದ್ದರೆ 40 ನಿಮಿಷವೂ ಹಿಡಿಯಬಹುದು.

ಎಲ್ಲರೂ ಸೋಲುವುದು ಇಲ್ಲಿ. ಕಡ್ಡಿ ಚುಚ್ಚಿ, ಏನೂ ಅಂಟಲಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿಸುವುದು ಕೇಕಿನ ಲೆಕ್ಕ. ಕಸ್ಟರ್ಡಿಗೆ ಅಷ್ಟು ಹೊತ್ತು ಕಾದರೆ ತಡವಾಯಿತು. ಡಬ್ಬಿಯ ಪಕ್ಕ ಮೆಲ್ಲಗೆ ತಟ್ಟಿ ನೋಡಿ. ಅಂಚು ಗಟ್ಟಿಯಾಗಿ ನಿಂತು, ನಡುವೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದೊಂದು ಭಾಗ ಎಳೆ ಮೊಸರಿನಂತೆ ಅಲುಗಬೇಕು. ಅಲುಗುತ್ತಿರುವಾಗಲೇ ಇಳಿಸಿ. ಡಬ್ಬಿಯೊಳಗೆ ಉಳಿದ ಬಿಸಿಯೇ ನಡುವನ್ನು ಬೇಯಿಸಿ ಮುಗಿಸುತ್ತದೆ. ಬೆಂದಿಲ್ಲವೇನೋ ಎಂಬ ಭಯಕ್ಕೆ ಇನ್ನೈದು ನಿಮಿಷ ಬಿಟ್ಟವರ ಕಸ್ಟರ್ಡಿನಲ್ಲೇ ನೀರು ಕಾಣುವುದು.

ಆರಿದ ಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ತಾಸು, ಸಾಧ್ಯವಾದರೆ ಇಡೀ ರಾತ್ರಿ. ತಣ್ಣಗಾಗಲಿಕ್ಕೆ ಮಾತ್ರವಲ್ಲ, ಗಾಜಾಗಿದ್ದ ಪಾಕ ಕಸ್ಟರ್ಡಿನ ತೇವ ಎಳೆದುಕೊಂಡು ಕರಗಿ ರಸವಾಗುವುದು ಈ ಹೊತ್ತಿನಲ್ಲೇ. ಸಂಜೆಗೆ ನೆಂಟರು ಬರುತ್ತಾರೆಂದರೆ ಹಿಂದಿನ ರಾತ್ರಿಯೇ ಮಾಡಿಡಿ.

ಬಡಿಸುವಾಗ ಅಂಚಿನ ಸುತ್ತ ಚಾಕುವಿನ ತುದಿ ಆಡಿಸಿ, ಸ್ವಲ್ಪ ತಗ್ಗಿರುವ ತಟ್ಟೆ ಮುಚ್ಚಿ, ಎರಡನ್ನೂ ಒತ್ತಿ ಹಿಡಿದು ಒಂದೇ ಏಟಿಗೆ ಬೋರಲು ಹಾಕಿ. ಒಳಗಿನಿಂದ ಪಚಕ್ ಎಂಬ ಸದ್ದು ಬರುವವರೆಗೆ ಡಬ್ಬಿ ಎತ್ತಬೇಡಿ. ಎತ್ತಿದಾಗ ಕಂದು ರಸ ನೆತ್ತಿಯಿಂದ ಇಳಿದು ಸುತ್ತ ಹರಡುತ್ತದೆ. ಡಬ್ಬಿಯ ತಳದಲ್ಲಿ ಹೇಗೂ ಒಂದಿಷ್ಟು ಪಾಕ ಕಲ್ಲಾಗಿ ಅಂಟಿಕೊಂಡಿರುತ್ತದೆ. ಅದನ್ನು ತೊಳೆಯಲು ಹಾಕುವ ಮುಂಚೆ ನಮ್ಮ ಮಕ್ಕಳು ಬಿಸಿ ಹಾಲು ಸುರಿದು, ಕರಗುವವರೆಗೆ ಕಲಕಿ, ಹಂಚಿಕೊಂಡು ಕುಡಿಯುತ್ತಾರೆ.