ಶಾಲೆಯ ಕ್ಯಾಮೆರಾಕ್ಕೆ ಎರಡನೆಯ ಲೆನ್ಸು: ಕೊಳ್ಳುವ ಮೊದಲು ಕೊಠಡಿಯನ್ನು ಅಳೆಯಿರಿ

ಶಾಲಾ ವಾರ್ಷಿಕೋತ್ಸವದ ಸಂಜೆ. ಅಂಗಳದಲ್ಲಿ ಕಟ್ಟಿದ ವೇದಿಕೆಯ ಮೇಲೆ ಎರಡು ಮೂರು ಟ್ಯೂಬ್‌ಲೈಟುಗಳು, ಅವುಗಳ ಕೆಳಗೆ ಕೋಲಾಟಕ್ಕೆ ಹೆಜ್ಜೆ ಹಾಕುತ್ತಿರುವ ಮಕ್ಕಳು. ಶಿಕ್ಷಕರೊಬ್ಬರು ಶಾಲೆಯ ಕ್ಯಾಮೆರಾ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದಾರೆ. ಮರುದಿನ ಚಿತ್ರಗಳನ್ನು ನೋಡಿದಾಗ ಹಿಂದಿನ ಪರದೆಯೂ ಬ್ಯಾನರಿನ ಅಕ್ಷರಗಳೂ ಸ್ಪಷ್ಟವಾಗಿವೆ. ಮಕ್ಕಳ ಮುಖಗಳು ಮಾತ್ರ ಕದಡಿದ ನೀರಿನಲ್ಲಿ ಕಂಡಂತೆ ಅಲುಗಿಹೋಗಿವೆ. ಫ್ಲ್ಯಾಷ್ ಹಾಕಿ ತೆಗೆದ ಚಿತ್ರಗಳಲ್ಲಿ ಮುಂದಿನವರು ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದಿನವರು ಕತ್ತಲೆಯಲ್ಲಿ ಉಳಿದಿದ್ದಾರೆ. ಡಿ. ಹಿರೇಹಾಳ್, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳ ಪೋಷಕರಿಗೆ ಇಂಥ ಚಿತ್ರಗಳು ಅಪರಿಚಿತವಾಗಿರಲಾರವು.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಿಗೆ ಬಂದವು. ಗಡಿರೇಖೆ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಆ ಮಾತಿನಲ್ಲಿ ಮಕ್ಕಳು ಓದಿದರು, ಹಾಡಿದರು, ನಾಟಕವಾಡಿದರು ಎಂಬುದಕ್ಕೆ ಹಾಜರಿ ಪುಸ್ತಕದಷ್ಟೇ ಗಟ್ಟಿಯಾದ ಸಾಕ್ಷ್ಯ ಶಾಲೆಯ ಛಾಯಾಚಿತ್ರ. ಐವತ್ತು ವರ್ಷಗಳ ಬಳಿಕ ಮೊಮ್ಮಗಳೊಬ್ಬಳು ಅದರಲ್ಲಿ ಅಜ್ಜಿಯನ್ನು ಹುಡುಕುವಾಗ ಮುಖ ಗುರುತು ಸಿಗಬೇಕು.

ದೋಷ ಎಲ್ಲಿದೆ?

ಕ್ಯಾಮೆರಾ ಹಳತಾಯಿತು, ಹೊಸದು ಬೇಕು ಎಂಬ ಮಾತು ಇಂಥ ಸಂದರ್ಭದಲ್ಲಿ ಮೊದಲು ಬರುತ್ತದೆ. ಆದರೆ ಹತ್ತು ವರ್ಷ ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೂಡ ಶಾಲೆಯ ಕೆಲಸಕ್ಕೆ ಸಾಕಾಗುತ್ತದೆ. ಕೊರತೆಯಿರುವುದು ಅದರ ಜೊತೆಗೆ ಬಂದ 18–55 ಮಿ.ಮೀ. ಜೂಮ್ ಲೆನ್ಸಿನಲ್ಲಿ. ಹಗಲಿನಲ್ಲಿ ಅದು ಒಳ್ಳೆಯ ಲೆನ್ಸೇ. ಆದರೆ ಅದರ ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಿಂಡಿ, ಹೆಚ್ಚು ತೆರೆಯುವುದಿಲ್ಲ. 18ರಲ್ಲಿ ಎಫ್/3.5 ಇರುವುದು 35ರ ಹೊತ್ತಿಗೆ ಸುಮಾರು ಎಫ್/4.5ಕ್ಕೂ 55ರಲ್ಲಿ ಎಫ್/5.6ಕ್ಕೂ ಇಳಿಯುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಬೆಳಕು ಸಾಲದಾದಾಗ ಕ್ಯಾಮೆರಾ ತನ್ನ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಅಷ್ಟರೊಳಗೆ ಮಗು ಚಲಿಸಿರುತ್ತದೆ.

ಇದಕ್ಕೆ ಪರಿಹಾರವೆಂದರೆ ಎಫ್/1.8ರವರೆಗೆ ತೆರೆಯುವ, ಜೂಮ್ ಇಲ್ಲದ ಲೆನ್ಸು. ಪ್ರೈಮ್ ಲೆನ್ಸು ಎಂದು ಇದನ್ನು ಕರೆಯುತ್ತಾರೆ. ಒಳಬರುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುತ್ತದೆ; ಆದ್ದರಿಂದ ಎಫ್/4.5ಕ್ಕಿಂತ ಎಫ್/1.8ರಲ್ಲಿ ಆರು ಪಟ್ಟಿಗಿಂತ ಹೆಚ್ಚು, ಎಫ್/5.6ಕ್ಕಿಂತ ಹತ್ತು ಪಟ್ಟಿಗೆ ಸಮೀಪದಷ್ಟು ಬೆಳಕು ದೊರೆಯುತ್ತದೆ. ಜೂಮ್ ಲೆನ್ಸಿಗೆ ಸೆಕೆಂಡಿನ 1/30 ಭಾಗ ಬೇಕಾಗಿದ್ದ ಕಡೆ 1/180 ಭಾಗ ಸಾಕು. ಭಾಷಣ ಮಾಡುವ ಹುಡುಗನ ತುಟಿಗಳು ಆಗ ನಿಲ್ಲುತ್ತವೆ. ಬಿರುಸಿನ ಕೋಲಾಟಕ್ಕೆ ಇನ್ನೂ ವೇಗ ಬೇಕು. ಐಎಸ್ಒವನ್ನು 1600 ಅಥವಾ 3200ಕ್ಕೆ ಏರಿಸಿ ಅದನ್ನು ಪಡೆಯಬಹುದು.

35 ಬೇಕೋ, 50 ಬೇಕೋ?

ಅಂಗಡಿಗೆ ಹೋದವರು ಎಡವುವುದು ಇಲ್ಲಿಯೇ. ‘ಎಲ್ಲರೂ 50 ಮಿ.ಮೀ. ಕೊಳ್ಳುತ್ತಾರೆ’ ಎಂಬ ಮಾತು ಫಿಲ್ಮಿನ ಕಾಲದಿಂದ ಬಂದದ್ದು. ಅಂದಿನ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಶಾಲೆಗಳಲ್ಲೂ ಮನೆಗಳಲ್ಲೂ ಸಾಮಾನ್ಯವಾಗಿರುವ ಕ್ರಾಪ್ ಸೆನ್ಸರ್ ಕ್ಯಾಮೆರಾದ ಸಂವೇದಕ ಇದಕ್ಕಿಂತ ಚಿಕ್ಕದು: ನಿಕಾನ್‌ನಲ್ಲಿ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 ಮಿ.ಮೀ. ಅಗಲ. ದೊಡ್ಡ ಪಟದ ಅಂಚುಗಳನ್ನು ಕತ್ತರಿಸಿ ನಡುವಿನದನ್ನಷ್ಟೇ ಉಳಿಸಿಕೊಂಡಂತೆ ಅದು ದೃಶ್ಯವನ್ನು ಕಾಣುತ್ತದೆ. ಹೀಗಾಗಿ ಇಲ್ಲಿ 50 ಮಿ.ಮೀ. ಲೆನ್ಸು ಫಿಲ್ಮ್ ಕ್ಯಾಮೆರಾದ 75 ಅಥವಾ 80 ಮಿ.ಮೀ. ಲೆನ್ಸಿನಷ್ಟು ಇಕ್ಕಟ್ಟಾಗಿ ನೋಡುತ್ತದೆ, 35 ಮಿ.ಮೀ. ಲೆನ್ಸು ಹಳೆಯ 50ರ ಸ್ಥಾನವನ್ನು ತುಂಬುತ್ತದೆ.

ಪ್ರೌಢಶಾಲೆಯ ಭೌತವಿಜ್ಞಾನದಲ್ಲಿ ಸಂಗಮದೂರವನ್ನು ಓದಿದ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಸಂವೇದಕದ ಅಗಲವನ್ನು ಸಂಗಮದೂರದಿಂದ ಭಾಗಿಸಿ, ನಿಂತ ದೂರದಿಂದ ಗುಣಿಸಿದರೆ ಚಿತ್ರದೊಳಗೆ ಹಿಡಿಯುವ ಅಗಲ ಸಿಗುತ್ತದೆ. ಬಾಯಿಲೆಕ್ಕದಲ್ಲಿ ಹೇಳುವುದಾದರೆ, 35 ಮಿ.ಮೀ. ಲೆನ್ಸು ನಿಂತ ದೂರದ ಮೂರರಲ್ಲಿ ಎರಡು ಪಾಲಿನಷ್ಟು ಅಗಲವನ್ನು ಹಿಡಿಯುತ್ತದೆ, 50 ಮಿ.ಮೀ. ಲೆನ್ಸು ಅರ್ಧಕ್ಕಿಂತ ತುಸು ಕಡಿಮೆ.

ಇಪ್ಪತ್ತು ಅಡಿ ಉದ್ದದ ತರಗತಿ ಕೊಠಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತರೂ 50ರಲ್ಲಿ ಎದುರಿನ ಗೋಡೆಯ ಒಂಬತ್ತು ಅಡಿ ಮಾತ್ರ ಕಾಣುತ್ತದೆ. 35ರಲ್ಲಿ ಹದಿಮೂರು ಅಡಿ. ಕರಿಹಲಗೆ, ಅದರ ಮುಂದೆ ಶಿಕ್ಷಕಿ, ಪಕ್ಕದಲ್ಲಿ ಇಬ್ಬರು ಮಕ್ಕಳು ಕೂಡಿ ಬರಬೇಕಾದರೆ 35 ಬೇಕು. ಆದರೆ ವೇದಿಕೆಯಿಂದ ನಲವತ್ತು ಅಡಿ ದೂರದಲ್ಲಿ ಪ್ರೇಕ್ಷಕರ ನಡುವೆ ನಿಂತಾಗ 50ರ ಅಗಲ ಸುಮಾರು ಹತ್ತೊಂಬತ್ತು ಅಡಿ. ಹೆಚ್ಚಿನ ಶಾಲಾ ವೇದಿಕೆಗಳಿಗೆ ಅದು ಸರಿಹೊಂದುತ್ತದೆ. 35ರಲ್ಲಿ ಇಪ್ಪತ್ತೇಳು ಅಡಿ ಬಂದು, ಮಕ್ಕಳು ಚಿಕ್ಕದಾಗಿ ಕಂಡು, ಸುತ್ತಲಿನ ಕಂಬ, ಶಾಮಿಯಾನಗಳೇ ಚಿತ್ರವನ್ನು ತುಂಬುತ್ತವೆ.

ಆದ್ದರಿಂದ ಮೊದಲ ನಿರ್ಧಾರ ಅಂಗಡಿಯಲ್ಲಿ ಆಗುವುದಲ್ಲ, ಶಾಲೆಯಲ್ಲಿ ಆಗಬೇಕಾದದ್ದು. ಅಳತೆಯ ಟೇಪು ಹಿಡಿದು, ಚಿತ್ರ ತೆಗೆಯುವವರು ನಿಲ್ಲುವ ಜಾಗದಿಂದ ಮಕ್ಕಳು ನಿಲ್ಲುವ ಜಾಗದವರೆಗೆ ಅಳೆಯಬೇಕು. ಇನ್ನೂ ಸುಲಭದ ಪರೀಕ್ಷೆಯೂ ಉಂಟು. ಇರುವ ಜೂಮ್ ಲೆನ್ಸನ್ನು 35ಕ್ಕೆ ತಿರುಗಿಸಿ, ಆ ಉಂಗುರ ಅಲುಗದಂತೆ ಕಾಗದದ ಟೇಪು ಅಂಟಿಸಿ, ಒಂದು ವಾರ ಅದರಲ್ಲೇ ಚಿತ್ರ ತೆಗೆಯಬೇಕು. ಮರುವಾರ 50ರಲ್ಲಿ ಅದೇ ಪ್ರಯೋಗ. ಯಾವ ವಾರದಲ್ಲಿ ಗೋಡೆ ಬೆನ್ನಿಗೆ ತಾಗಿತು, ಯಾವ ವಾರದಲ್ಲಿ ಮುಖಗಳು ದೂರವಾದವು ಎಂಬುದು ಯಾವ ಸಲಹೆಗಾರರಿಗಿಂತಲೂ ಚೆನ್ನಾಗಿ ಉತ್ತರ ಹೇಳುತ್ತದೆ.

ಕ್ಯಾಮೆರಾಕ್ಕೆ ಹೊಂದುವುದೇ?

ನಿಕಾನ್ ಬಳಸುವವರಿಗೆ ಆಯ್ಕೆ ಸರಳ. ಕ್ರಾಪ್ ಸೆನ್ಸರಿಗೆಂದೇ 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಲೆನ್ಸು ಕೇವಲ 200 ಗ್ರಾಂ ತೂಗುತ್ತದೆ. ಒಂದು ಎಚ್ಚರಿಕೆ ಅಗತ್ಯ: ಡಿ3000 ಹಾಗೂ ಡಿ5000 ಸರಣಿಗಳ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರು ಇರುವುದಿಲ್ಲ. ಅಗ್ಗವಾಗಿ ಸಿಕ್ಕಿತೆಂದು ಹಳೆಯ 50 ಮಿ.ಮೀ. ಎಫ್/1.8ಡಿ ಕೊಂಡರೆ ಪ್ರತಿ ಚಿತ್ರಕ್ಕೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ‘ಎಎಫ್-ಎಸ್’ ಎಂಬ ಗುರುತನ್ನು ನೋಡಿಯೇ ಕೊಳ್ಳಬೇಕು.

ಕ್ಯಾನನ್‌ನಲ್ಲಿ ತುಸು ಇಕ್ಕಟ್ಟಿದೆ. 2015ರಲ್ಲಿ ಬಂದ 50 ಮಿ.ಮೀ. ಎಫ್/1.8 ಎಸ್‌ಟಿಎಂ ಬೆಲೆಯಲ್ಲಿ ಹಗುರ, ತೂಕದಲ್ಲೂ ಹಗುರ. ಆದರೆ ತರಗತಿಯೊಳಗೆ ಇಕ್ಕಟ್ಟು. ಇಎಫ್-ಎಸ್ 24 ಮಿ.ಮೀ. ಎಫ್/2.8 ಎಸ್‌ಟಿಎಂ ಕೊಠಡಿಗೆ ಒಪ್ಪುತ್ತದೆ; ನಿಂತ ದೂರಕ್ಕೆ ಹೆಚ್ಚುಕಡಿಮೆ ಸಮನಾದ ಅಗಲವನ್ನು ಹಿಡಿಯುತ್ತದೆ. ಆದರೆ ಜೂಮ್ ಲೆನ್ಸು 24ರಲ್ಲಿ ಎಫ್/4ರ ಆಸುಪಾಸಿನಲ್ಲಿ ತೆರೆಯುವುದರಿಂದ ಅಲ್ಲಿ ಸಿಗುವ ಲಾಭ ಎರಡು ಪಟ್ಟು ಬೆಳಕಷ್ಟೇ. ಆದ್ದರಿಂದ ಕ್ಯಾನನ್ ಇರುವ ಶಾಲೆ ವೇದಿಕೆಗಾಗಿ 50 ಕೊಂಡು, ತರಗತಿಯ ಚಿತ್ರಗಳನ್ನು ಹಗಲಿನಲ್ಲಿ ಕಿಟಕಿಗಳನ್ನು ತೆರೆದು ಹಳೆಯ ಜೂಮ್‌ನಲ್ಲೇ ತೆಗೆಯುವುದು ವಿವೇಕ.

ಎಫ್/1.4 ಲೆನ್ಸಿನ ಮೋಹ ಬೇಡ. ಎಫ್/1.8ಕ್ಕಿಂತ ಅದು ಕೊಡುವ ಹೆಚ್ಚಿನ ಬೆಳಕು ಎರಡು ಪಟ್ಟೂ ಆಗದು. ಬೆಲೆ ಮಾತ್ರ ಬಹಳ ಮುಂದೆ ಓಡುತ್ತದೆ.

ಬೆಳಕಿಗೆ ತೆರುವ ಬೆಲೆ

ಕಿಂಡಿಯನ್ನು ಅಗಲಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಲನಚಿತ್ರದಲ್ಲಿ ಮೋಂಬತ್ತಿಯ ಬೆಳಕಿನ ದೃಶ್ಯಗಳನ್ನು ಚಿತ್ರಿಸಲು, ನಾಸಾ ಸಂಸ್ಥೆಗಾಗಿ ತಯಾರಾಗಿದ್ದ ಜೈಸ್ ಕಂಪನಿಯ ಎಫ್/0.7 ಲೆನ್ಸನ್ನು ಬಳಸಿದರು. ಬೆಳಕೇನೋ ಸಾಲಿತು, ಆದರೆ ನಟರು ಸ್ವಲ್ಪ ಮುಂದೆ ಬಾಗಿದರೂ ಮುಖ ಮಸುಕಾಗುತ್ತಿದ್ದುದರಿಂದ ಅವರು ಬಹಳ ಕಡಿಮೆ ಚಲಿಸಬೇಕಾಯಿತು.

ಶಾಲೆಯ ಲೆನ್ಸಿಗೂ ಇದೇ ನಿಯಮ. ಆರೂವರೆ ಅಡಿ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8ಕ್ಕೆ ಚಿತ್ರ ತೆಗೆದರೆ ಸ್ಪಷ್ಟವಾಗಿರುವ ಆಳ ಒಂದು ಗೇಣಿಗಿಂತಲೂ ಕಡಿಮೆ. ಅದೇ ದೂರದಲ್ಲಿ 35 ಮಿ.ಮೀ. ಲೆನ್ಸು ಇದರ ಎರಡರಷ್ಟು ಆಳವನ್ನು ಕೊಡುತ್ತದೆ. ಒಬ್ಬಳ ಮುಖಕ್ಕೆ ಇಷ್ಟು ಸಾಕು. ಆದರೆ ಮೂರು ಸಾಲುಗಳಲ್ಲಿ ನಿಂತ ತರಗತಿಯ ಗುಂಪು ಚಿತ್ರವನ್ನು ಎಫ್/1.8ರಲ್ಲಿ ತೆಗೆಯುವುದು ದೊಡ್ಡ ತಪ್ಪು. ಒಂದು ಸಾಲು ಸ್ಪಷ್ಟವಾಗಿ ಉಳಿದೆರಡು ಮಸುಕಾಗುತ್ತವೆ. ಗುಂಪು ಚಿತ್ರಕ್ಕೆ ಬೆಳಗಿನ ಹೊತ್ತು, ಮರದ ನೆರಳು, ಎಫ್/5.6 ಇವೇ ಸರಿ. ಆ ಕೆಲಸಕ್ಕೆ ಹೊಸ ಲೆನ್ಸೇ ಬೇಕಿಲ್ಲ. ಶಾಲೆಯ ಅಗತ್ಯ ಗುಂಪು ಚಿತ್ರವೊಂದೇ ಆಗಿದ್ದರೆ, ಲೆನ್ಸಿನ ಹಣದಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವುದೇ ಮೇಲು.

ದೀಪಗಳ ವಿಚಾರದಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಹಲವು ಟ್ಯೂಬ್‌ಲೈಟುಗಳೂ ಎಲ್ಇಡಿಗಳೂ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ, ಅಥವಾ ಒಂದೊಂದು ಚಿತ್ರ ಒಂದೊಂದು ಬಣ್ಣಕ್ಕೆ ತಿರುಗಿದರೆ, ಶಟರನ್ನು 1/100ಕ್ಕೆ ಇಡಬೇಕು. ಲೆನ್ಸನ್ನು ದೂರಿ ಫಲವಿಲ್ಲ.

ಬಳಸಿದ ಲೆನ್ಸು ಕೊಳ್ಳುವಾಗ

ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಬಳಸಿದ ಲೆನ್ಸು ಕಡಿಮೆ ಬೆಲೆಗೆ ದೊರೆತರೆ ಹಿಂಜರಿಯಬೇಕಿಲ್ಲ, ಪರೀಕ್ಷಿಸಿ ಕೊಳ್ಳಬೇಕು. ಹಿಂದಿನಿಂದ ಟಾರ್ಚಿನ ಬೆಳಕು ಹಾಯಿಸಿ ಒಳಗಾಜನ್ನು ನೋಡಬೇಕು. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು, ಬಿಟ್ಟುಬಿಡುವುದು ಲೇಸು. ಒಂದೆರಡು ಧೂಳಿನ ಕಣಗಳಿಂದ ತೊಂದರೆಯಿಲ್ಲ. ಕ್ಯಾಮೆರಾವನ್ನೂ ಜೊತೆಗೆ ಒಯ್ದು, ಎಫ್/1.8ರಲ್ಲಿ ಅಚ್ಚಾದ ಪುಟವೊಂದರ ಚಿತ್ರ ತೆಗೆದು, ಫೋಕಸ್ ಮಾಡಿದ ಸಾಲೇ ಸ್ಪಷ್ಟವಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಬೇಕು.

ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಜನಸಾಮಾನ್ಯರ ಮತ್ತು ಮಕ್ಕಳ ದಿನನಿತ್ಯದ ಬದುಕನ್ನು ದಶಕಗಳ ಕಾಲ ಚಿತ್ರಿಸಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿದ್ದವರು ಸಾಧಾರಣ ಊರುಗಳ ಸಾಧಾರಣ ಮಕ್ಕಳು. ಹಿರೇಹಾಳಿನ ಮಕ್ಕಳೂ ಅಂಥವರೇ.

ಹಾಗಾಗಿ ಲೆನ್ಸು ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ತೆಗೆದ ಚಿತ್ರಗಳಲ್ಲಿ ಒಳ್ಳೆಯ ಇಪ್ಪತ್ತನ್ನು ಆರಿಸಿ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಮಕ್ಕಳ ಹೆಸರು, ತರಗತಿ, ದಿನಾಂಕಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಬೀರುವಿನಲ್ಲಿ ಇಡಬೇಕು. ಫೋನಿನೊಳಗಿನ ಚಿತ್ರ ಫೋನು ಕೆಟ್ಟ ದಿನವೇ ಹೋಗಬಹುದು. ಹೆಸರು ಬರೆದ ಚಿತ್ರ ತಲೆಮಾರು ದಾಟುತ್ತದೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಇನ್ನೂ ಸಮಯವಿದೆ. ಅಳತೆಯ ಟೇಪಿನಿಂದ ಆರಂಭಿಸಬಹುದು.